ಯುವಕ ಸಂಘದ ಕಬಡ್ಡಿ ಟೂರ್ನಿಗೂ ತೆರಿಗೆನಾ?

ಊರಿನ ಯುವಕ ಸಂಘ ಕಬಡ್ಡಿ ಟೂರ್ನಿ ಇಟ್ಟುಕೊಂಡಿದೆ ಅಂದುಕೊಳ್ಳಿ. ತಂಡಗಳಿಂದ ಪ್ರವೇಶ ಶುಲ್ಕ, ಅಂಕಣದ ಸುತ್ತ ಅಂಗಡಿಯವರ ಬ್ಯಾನರ್, ಅದಕ್ಕೊಂದಿಷ್ಟು ದುಡ್ಡು. ಇದು ಸೇವೆಯೋ ವ್ಯಾಪಾರವೋ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ರಿಜಿಸ್ಟರ್ ಆಗಿದೆ, ಹಾಗಾಗಿ ತೆರಿಗೆ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದೇ ಬೇರೆ, ಇದೇ ಬೇರೆ. ವಿನಾಯಿತಿಗೆ ಆದಾಯ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿ ಆಗಬೇಕು.

ತಕರಾರು ಶುರುವಾಗುವುದು 1961ರ ಆದಾಯ ತೆರಿಗೆ ಕಾಯ್ದೆಯಿಂದ. ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಇವನ್ನು ಹೆಸರು ಹಿಡಿದು ತೆರಿಗೆ ವಿನಾಯಿತಿ ಸಿಗುವ ದತ್ತಿ ಕೆಲಸ ಅಂದರು. ಉಳಿದದ್ದೆಲ್ಲ 'ಸಾರ್ವಜನಿಕ ಉಪಯೋಗದ ಇತರ ಉದ್ದೇಶ' ಅನ್ನೋ ಒಂದೇ ಮೂಟೆಗೆ, ಅದೂ ಲಾಭದ ಚಟುವಟಿಕೆ ಇರಬಾರದು ಅನ್ನೋ ಷರತ್ತಿನ ಮೇಲೆ. ಯುವಜನರ ಹೆಸರೇ ಇಲ್ಲ.

ಸರಿ, ಶಿಕ್ಷಣ ಅಂತ ಹೇಳಿಕೊಳ್ಳೋಣ ಅಂದರೆ ಅದರ ಅರ್ಥವನ್ನು ಸುಪ್ರೀಂ ಕೋರ್ಟ್ 1975ರಲ್ಲೇ ಕಿರಿದು ಮಾಡಿತ್ತು. ಅದೂ ನಮ್ಮ ಹುಬ್ಬಳ್ಳಿಯ ಕೇಸಿನಲ್ಲಿ! 'ಸಂಯುಕ್ತ ಕರ್ನಾಟಕ' ನಡೆಸುತ್ತಿದ್ದ ಲೋಕ ಶಿಕ್ಷಣ ಟ್ರಸ್ಟ್, ಪತ್ರಿಕೆಯ ಮೂಲಕ ಜನರಿಗೆ ತಿಳಿವಳಿಕೆ ಕೊಡುವುದೂ ಶಿಕ್ಷಣವೇ ಅಂತ ವಾದಿಸಿತ್ತು. ಕೋರ್ಟ್ ಒಪ್ಪಲಿಲ್ಲ. ಎಳೆಯರಿಗೆ ಕ್ರಮವಾಗಿ ಕೊಡುವ ಪಾಠ, ತರಬೇತಿಯಷ್ಟೇ ಶಿಕ್ಷಣ, ಪತ್ರಿಕೆ ಲಾಭದ ಕೆಲಸ ಎಂದಿತು.

ಆಮೇಲೆ ಗಾಳಿ ತಿರುಗಿತು. 1979ರಲ್ಲಿ ಸೂರತ್‌ನ ಕೃತಕ ರೇಷ್ಮೆ ಬಟ್ಟೆ ಉದ್ದಿಮೆದಾರರ ಸಂಘದ ಕೇಸಿನಲ್ಲಿ, ಮುಖ್ಯ ಉದ್ದೇಶ ಲಾಭವಲ್ಲದಿದ್ದರೆ ಸಾಕು ಅಂತ ತೀರ್ಪು ಬಂತು. 1983ರಲ್ಲಿ ಸಂಸತ್ತು ಲಾಭದ ಚಟುವಟಿಕೆ ಇರಬಾರದು ಅನ್ನೋ ಆ ಷರತ್ತನ್ನೇ ತೆಗೆದುಹಾಕಿತು. 1984ರ ಸೆಪ್ಟೆಂಬರ್‌ನಲ್ಲಿ ಬಂದ ತೆರಿಗೆ ಇಲಾಖೆಯ 395ನೇ ಸುತ್ತೋಲೆ, ಕ್ರೀಡೆಗೆ ಪ್ರೋತ್ಸಾಹ ಕೊಡುವುದೂ ದತ್ತಿ ಕೆಲಸವೇ ಎಂದಿತು.

2008ರಲ್ಲಿ ಮತ್ತೆ ಬಿಗಿ. 'ಇತರ ಉದ್ದೇಶ'ದ ಮೂಟೆಯಲ್ಲಿರುವ ಸಂಸ್ಥೆ ವ್ಯಾಪಾರ ಮಾಡಿದರೆ ಅದು ದತ್ತಿ ಅಲ್ಲ ಅಂತ ಕಾಯ್ದೆ ತಿದ್ದಿದರು. ದತ್ತಿಯ ಹೆಸರಲ್ಲಿ ವ್ಯಾಪಾರ ಮಾಡುವವರನ್ನು ಹಿಡಿಯಲು ಈ ತಿದ್ದುಪಡಿ, ನಿಜವಾದ ಸೇವಾ ಸಂಸ್ಥೆಗಳಿಗೆ ತೊಂದರೆ ಆಗಲ್ಲ ಅಂತ ಆಗಿನ ಹಣಕಾಸು ಸಚಿವ ಚಿದಂಬರಂ ಬಜೆಟ್ ಭಾಷಣದಲ್ಲಿ ಭರವಸೆ ಕೊಟ್ಟಿದ್ದರು. ಅಷ್ಟರಲ್ಲಿ ದೊಡ್ಡ ಕ್ರೀಡಾ ಸಂಸ್ಥೆಗಳಿಗಿದ್ದ ಪ್ರತ್ಯೇಕ ವಿನಾಯಿತಿ 2003ರಿಂದ ರದ್ದಾಗಿ, ಟಿವಿ ಹಕ್ಕು ಮಾರಿ ಕೋಟಿ ಎಣಿಸುವ ಕ್ರಿಕೆಟ್ ಸಂಸ್ಥೆಗಳೂ ಇದೇ ಮೂಟೆಗೆ ಬಂದು ಬಿದ್ದಿದ್ದವು. ವ್ಯಾಪಾರದ ಆದಾಯಕ್ಕೆ ಮೊದಲು 10 ಲಕ್ಷ, ನಂತರ 25 ಲಕ್ಷ ರೂಪಾಯಿ ಮಿತಿ ಇತ್ತು. 2015ರಲ್ಲಿ ಅದನ್ನು ಒಟ್ಟು ಆದಾಯದ ಶೇ 20ಕ್ಕೆ ಬದಲಾಯಿಸಿದರು.

ನನಗೆ ತಲೆಬುಡ ಅರ್ಥವಾಗದ್ದು ಇದೇ. 25 ಲಕ್ಷದ ಮಿತಿಯನ್ನು ಹಳ್ಳಿಯ ಸಂಘ ಯಾವತ್ತೂ ದಾಟುತ್ತಿರಲಿಲ್ಲ. ಈಗ ವರ್ಷಕ್ಕೆ 5 ಲಕ್ಷ ಬರುವ ಸಂಘದ ಬ್ಯಾನರ್ ದುಡ್ಡನ್ನು ಅಧಿಕಾರಿ ವ್ಯಾಪಾರ ಅಂತ ಎಣಿಸಿದರೆ, 1 ಲಕ್ಷ ದಾಟಿದ ಕೂಡಲೇ ಆ ವರ್ಷದ ವಿನಾಯಿತಿ ಹೋಯ್ತು. 10 ಕೋಟಿ ಬರುವ ಸಂಸ್ಥೆಗೆ ಮಾತ್ರ 2 ಕೋಟಿವರೆಗೆ ಆರಾಮ!

2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಬಿಡಿಸಿ ಹೇಳಿತು. ಖರ್ಚಿಗೆ ತಕ್ಕಷ್ಟು, ಅಥವಾ ಅದರ ಮೇಲೆ ಅಲ್ಪಸ್ವಲ್ಪ ಶುಲ್ಕ ತಗೊಂಡರೆ ಅದು ವ್ಯಾಪಾರವಲ್ಲ. ತೀರಾ ಜಾಸ್ತಿಯಾದರೆ ಶೇ 20ರ ಲೆಕ್ಕ. ಅಂದರೆ ಟೂರ್ನಿಯ ರಸೀದಿ, ಶಾಮಿಯಾನದ ಬಿಲ್ಲು ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಬೇಕು. ಕ್ರಿಕೆಟ್ ಸಂಸ್ಥೆಗಳ ಲೆಕ್ಕವನ್ನು ಮತ್ತೆ ನೋಡಿ ಅಂತ ಅಧಿಕಾರಿಗಳಿಗೇ ವಾಪಸ್ ಕಳಿಸಿತು.

2021ರಿಂದ ಆದಾಯ ತೆರಿಗೆ ಇಲಾಖೆಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2025ರ ಬಜೆಟ್ ಸಣ್ಣ ಸಂಸ್ಥೆಗಳಿಗೆ ಅದನ್ನು 10 ವರ್ಷ ಮಾಡಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಶೇ 20 ಹಾಗೇ ಇದೆ.