ಬಿಲ್ಲೆ ಕಳಚಿದ ದೇಹಗಳು: ಫ್ರೊಮೆಲ್ ಸೈನಿಕರ ಗುರುತಿನ ಹುಡುಕಾಟ

ಉತ್ತರ ಫ್ರಾನ್ಸಿನ ಲೀಲ್ ನಗರದ ಪಶ್ಚಿಮಕ್ಕೆ, ಹೊಲಗಳ ನಡುವೆ, ಫ್ರೊಮೆಲ್ ಎಂಬ ಚಿಕ್ಕ ಹಳ್ಳಿಯಿದೆ. ಅಲ್ಲಿಯ ಚರ್ಚಿನ ಸಮೀಪದ ಸೈನಿಕ ಸ್ಮಶಾನದಲ್ಲಿ 250 ಸಮಾಧಿಗಳಿವೆ. ಅಲ್ಲಿ ಮಲಗಿರುವವರು ತೀರಿಕೊಂಡದ್ದು ಮೊದಲ ಮಹಾಯುದ್ಧದ ನಡುವೆ, 1916ರ ಜುಲೈನಲ್ಲಿ. ಸ್ಮಶಾನ ನಿರ್ಮಾಣವಾದದ್ದು 2010ರಲ್ಲಿ. ಪ್ರತಿ ಸಮಾಧಿಯ ತಲೆಯ ಬಳಿ ಸುಮಾರು 81 ಸೆಂಟಿಮೀಟರ್ ಎತ್ತರದ ಒಂದು ಬಿಳಿ ಕಲ್ಲನ್ನು ನಿಲ್ಲಿಸಿದ್ದಾರೆ. ಹೆಚ್ಚಿನ ಕಲ್ಲುಗಳ ಮೇಲೆ ಆಸ್ಟ್ರೇಲಿಯಾ ಸೇನೆಯ ಉದಯಸೂರ್ಯನ ಲಾಂಛನ, ಅದರ ಕೆಳಗೆ ಸೈನಿಕನ ಹೆಸರು, ದಳ, ಮರಣದ ದಿನಾಂಕಗಳಿವೆ. ಉಳಿದ ಕೆಲವು ಕಲ್ಲುಗಳಲ್ಲಿ ಹೆಸರು ಇರಬೇಕಾದ ಜಾಗದಲ್ಲಿ 'ಮಹಾಯುದ್ಧದ ಒಬ್ಬ ಆಸ್ಟ್ರೇಲಿಯನ್ ಸೈನಿಕ' ಎಂದಷ್ಟೇ ಇದ್ದು, ಬುಡದಲ್ಲಿ 'ದೇವರೊಬ್ಬನೇ ಬಲ್ಲ' ಎಂಬ ಅರ್ಥದ ಸಾಲು ಕೆತ್ತಲ್ಪಟ್ಟಿದೆ. ಗುರುತು ಸಿಗದ ಸೈನಿಕರಿಗಾಗಿ ಈ ಸಾಲನ್ನು ಆರಿಸಿಕೊಟ್ಟವನು ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್. ಅವನ ಒಬ್ಬನೇ ಮಗ 1915ರಲ್ಲಿ ಇದೇ ಸೀಮೆಯ ಲೋಸ್ ಎಂಬಲ್ಲಿ ಕಾಣೆಯಾದ. ತಂದೆ ಬದುಕಿರುವವರೆಗೂ ಮಗನ ಸಮಾಧಿ ಎಲ್ಲಿದೆಯೆಂದು ತಿಳಿಯಲಿಲ್ಲ.

ಸತ್ತು 94 ವರ್ಷಗಳಾದ ಮೇಲೆ ಒಬ್ಬ ಸೈನಿಕನ ಕಲ್ಲಿಗೆ ಹೆಸರು ಬರುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ, ಆ ಹೆಸರು ಮೊದಲು ದೇಹವನ್ನು ಬಿಟ್ಟು ಹೋದದ್ದು ಹೇಗೆ ಎಂಬುದನ್ನು ನೋಡಬೇಕು.

1916ರ ಜುಲೈ 19ರ ಸಂಜೆ ಆಸ್ಟ್ರೇಲಿಯಾದ 5ನೆಯ ಡಿವಿಷನ್ ಮತ್ತು ಬ್ರಿಟನ್ನಿನ 61ನೆಯ ಡಿವಿಷನ್ ಫ್ರೊಮೆಲ್ ಎದುರಿನ ಜರ್ಮನ್ ಕಂದಕಗಳ ಮೇಲೆ ದಾಳಿ ಮಾಡಿದವು. ದಕ್ಷಿಣದಲ್ಲಿ ಸೋಮ್ ನದಿಯ ಬಳಿ ನಡೆಯುತ್ತಿದ್ದ ಭಾರಿ ಕದನಕ್ಕೆ ಜರ್ಮನರು ಇಲ್ಲಿಂದ ಪಡೆಗಳನ್ನು ಸಾಗಿಸದಂತೆ ತಡೆಹಿಡಿಯುವುದು ಈ ದಾಳಿಯ ಉದ್ದೇಶವಾಗಿತ್ತು. ಯುರೋಪಿನ ಪಶ್ಚಿಮ ರಣರಂಗದಲ್ಲಿ ಆಸ್ಟ್ರೇಲಿಯನ್ನರಿಗೆ ಇದೇ ಮೊದಲ ದೊಡ್ಡ ಕಾಳಗ. ಬಯಲು ಸಮತಟ್ಟಾಗಿತ್ತು, ಎದುರಿನ ಮೆಷಿನ್ ಗನ್‌ಗಳು ಅಲುಗಾಡದೆ ನಿಂತಿದ್ದವು. ಮರುದಿನ ಬೆಳಗಾಗುವಷ್ಟರಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸೇರಿ 5,533 ಮಂದಿ ಆಸ್ಟ್ರೇಲಿಯನ್ನರ ಲೆಕ್ಕ ತಪ್ಪಿತ್ತು. ಅವರಲ್ಲಿ ಸತ್ತವರೇ ಎರಡು ಸಾವಿರದ ಹತ್ತಿರ ಹತ್ತಿರ.

ಕೆಲವು ಆಸ್ಟ್ರೇಲಿಯನ್ ತುಕಡಿಗಳು ಜರ್ಮನ್ ಸಾಲನ್ನು ದಾಟಿ ಒಳಗೆ ನುಗ್ಗಿದ್ದವು. ಅಲ್ಲಿ ಬಿದ್ದವರನ್ನು ಹೂಳುವ ಕೆಲಸ ಶತ್ರುವಿನ ಪಾಲಿಗೆ ಬಂತು. ಜರ್ಮನ್ ಸೇನೆಯ ಬವೇರಿಯನ್ ಪಡೆಯ ಅಧಿಕಾರಿಗಳು ಹಳ್ಳಿಯಂಚಿನ 'ಫೆಸೆಂಟ್ ವುಡ್' ಎಂಬ ತೋಪಿನ ಪಕ್ಕದಲ್ಲಿ ಎಂಟು ಉದ್ದನೆಯ ಗುಂಡಿಗಳನ್ನು ತೋಡಿಸಿ, ದೇಹಗಳನ್ನು ಕಿರುಹಳಿಯ ಗಾಡಿಯಲ್ಲಿ ಅಲ್ಲಿಗೆ ಸಾಗಿಸಿದರು. ಹೂಳುವ ಮುಂಚೆ ಪ್ರತಿಯೊಬ್ಬನ ಕುತ್ತಿಗೆಯಿಂದ ಗುರುತಿನ ಬಿಲ್ಲೆಯನ್ನು ಕಳಚಿಕೊಂಡು ಪಟ್ಟಿ ಮಾಡಿ, ರೆಡ್ ಕ್ರಾಸ್ ಮೂಲಕ ಆಸ್ಟ್ರೇಲಿಯಾಕ್ಕೆ ತಲುಪಿಸುವ ಏರ್ಪಾಡು ಮಾಡಿದರು. ಇದನ್ನು ಕ್ರೌರ್ಯವೆಂದು ಯಾರೂ ತಿಳಿಯಬಾರದು. ಮಗ ಸತ್ತನೋ ಸೆರೆಯಲ್ಲಿದ್ದಾನೋ ಎಂದು ತಿಳಿಯದೆ ಕಾಯುತ್ತಿದ್ದ ತಾಯಿಗೆ ಆ ಬಿಲ್ಲೆಯೇ ಖಚಿತ ಉತ್ತರವಾಗಿತ್ತು. ತೊಂದರೆ ಇದ್ದದ್ದು ಬಿಲ್ಲೆಯ ಸಂಖ್ಯೆಯಲ್ಲಿ: ಆಗ ಸೈನಿಕನ ಕೊರಳಲ್ಲಿ ಒಂದೇ ಒಂದು ಬಿಲ್ಲೆ ಇರುತ್ತಿತ್ತು. ಅದನ್ನು ಕಳಚಿದರೆ ಸಾವಿನ ಸುದ್ದಿ ಮನೆ ಸೇರುತ್ತಿತ್ತು, ದೇಹ ಮಾತ್ರ ಅನಾಮಧೇಯವಾಗುತ್ತಿತ್ತು. ಒಂದನ್ನು ತೆಗೆದರೂ ಇನ್ನೊಂದು ದೇಹದ ಮೇಲೆಯೇ ಉಳಿಯುವಂತೆ ಎರಡು ಬಿಲ್ಲೆಗಳನ್ನು ಕೊಡುವ ಆದೇಶವನ್ನು ಬ್ರಿಟಿಷ್ ಸೇನೆ ಹೊರಡಿಸಿದ್ದು 1916ರ ಸೆಪ್ಟೆಂಬರಿನಲ್ಲಿ, ಅಂದರೆ ಫ್ರೊಮೆಲ್ ಆಗಿ ಎರಡು ತಿಂಗಳಿಗೆ. ಈ ಎರಡು ತಿಂಗಳ ಅಂತರವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎರಡು ಸೇನೆಗಳ ನಡುವಿನ ಬಯಲಲ್ಲಿ ಬಿದ್ದವರ ಗತಿ ಇನ್ನೂ ಕಷ್ಟದ್ದು. ಯುದ್ಧ ನಿಂತ 1918ರ ನವೆಂಬರ್ 11ರಂದು ಆಸ್ಟ್ರೇಲಿಯಾದ ಯುದ್ಧ ವರದಿಗಾರ ಚಾರ್ಲ್ಸ್ ಬೀನ್ ಅಲ್ಲಿಗೆ ಹೋದಾಗ ಎರಡು ವರ್ಷದ ಹಿಂದಿನ ಎಲುಬುಗಳೂ ಸಮವಸ್ತ್ರದ ಚೂರುಗಳೂ ಬಯಲಿನ ತುಂಬ ಹಾಗೆಯೇ ಬಿದ್ದಿದ್ದವು. ಆಮೇಲೆ ಒಟ್ಟುಮಾಡಿದ 410 ಜನರಲ್ಲಿ ಒಬ್ಬನ ಗುರುತೂ ಹತ್ತದೆ ಹೋದದ್ದರಿಂದ, ಸಮೀಪದ ವಿ.ಸಿ. ಕಾರ್ನರ್ ಸ್ಮಶಾನದಲ್ಲಿ ಅವರ ಮೇಲೆ ಬಿಡಿಬಿಡಿ ಕಲ್ಲುಗಳೇ ಇಲ್ಲ. ಹುಲ್ಲುಹಾಸು, ಅದರ ಹಿಂದೊಂದು ಹೆಸರುಗಳ ಗೋಡೆ, ಅಷ್ಟೇ.

ಫೆಸೆಂಟ್ ವುಡ್ಡಿನ ಗುಂಡಿಗಳು ಯುದ್ಧಾನಂತರ ಶವಗಳನ್ನು ಹುಡುಕಿದ ತಂಡಗಳ ಕಣ್ಣಿಗೆ ಬೀಳಲಿಲ್ಲ. ಮೆಲ್ಬರ್ನ್‌ನ ಲ್ಯಾಂಬಿಸ್ ಎಂಗ್ಲೆಜೋಸ್ ಎಂಬ ನಿವೃತ್ತ ಕಲಾಶಿಕ್ಷಕರು ಬಹುಕಾಲದ ನಂತರ ಒಂದು ಸರಳವಾದ ಲೆಕ್ಕ ಹಾಕಿದರು: ಕಾಣೆಯಾದವರು ಎಷ್ಟು, ಸುತ್ತಲಿನ ಸ್ಮಶಾನಗಳಲ್ಲಿ ಹೆಸರಿಲ್ಲದ ಆಸ್ಟ್ರೇಲಿಯನ್ನರ ಸಮಾಧಿಗಳು ಎಷ್ಟು? ಎರಡೂ ತಾಳೆಯಾಗಲಿಲ್ಲ. ಸುಮಾರು ಇನ್ನೂರಕ್ಕೆ ಲೆಕ್ಕವೇ ಸಿಗಲಿಲ್ಲ. ಅವರು ಮತ್ತು ಅವರ ಜೊತೆಗಾರರು ರೆಡ್ ಕ್ರಾಸ್ ಕಡತಗಳನ್ನೂ ಜರ್ಮನ್ ಆದೇಶಗಳನ್ನೂ 1916ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳನ್ನೂ ಒಟ್ಟಿಗಿಟ್ಟು ನೋಡಿದರು. ಕದನಕ್ಕೆ ಮುಂಚಿನ ಚಿತ್ರದಲ್ಲಿ ಇಲ್ಲದ ಎಂಟು ಗುಂಡಿಗಳು ಕದನದ ನಂತರದ ಚಿತ್ರದಲ್ಲಿ ಕಾಣಿಸಿಕೊಂಡಿದ್ದವು. ಕೆಲವು ದಿನಗಳಲ್ಲಿ ಅವುಗಳ ಪೈಕಿ ಹೆಚ್ಚಿನವು ಮುಚ್ಚಿಹೋಗಿದ್ದವು. ಅಧಿಕಾರಿಗಳು ವರ್ಷಗಟ್ಟಲೆ ಇದನ್ನು ನಂಬಲಿಲ್ಲ.

2007ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪುರಾತತ್ತ್ವ ತಂಡ ನೆಲವನ್ನು ಅಗೆಯದೆಯೇ ಪರೀಕ್ಷಿಸಿತು. ಒಮ್ಮೆ ತೋಡಿ ಮುಚ್ಚಿದ ಮಣ್ಣು ಮತ್ತೆಂದೂ ಪಕ್ಕದ ಮಣ್ಣಿನಂತೆ ಆಗುವುದಿಲ್ಲ. ಅದರ ಪದರಗಳು ಕಲಸಿಹೋಗಿರುತ್ತವೆ, ನೀರು ಹಿಡಿಯುವ ಬಗೆ ಬೇರೆಯಾಗುತ್ತದೆ, ಮೇಲ್ಮೈ ಬರಿಗಣ್ಣಿಗೆ ಕಾಣದಷ್ಟು ಸ್ವಲ್ಪವೇ ಕುಸಿದಿರುತ್ತದೆ. ಹೀಗಾಗಿ ವಿದ್ಯುತ್ತಿಗೆ ಅದು ಒಡ್ಡುವ ತಡೆಯನ್ನು ಅಳೆದರೆ ಹಳೆಯ ಗುಂಡಿಯ ಅಂಚು ಎಲ್ಲಿತ್ತೆಂದು ತಿಳಿಯಬಹುದು. ಲೋಹಶೋಧಕಕ್ಕೆ ಅಲ್ಲಿ ಎರಡು ಪುಟ್ಟ ಪದಕಗಳು ಸಿಕ್ಕವು. ಅವುಗಳಲ್ಲಿ ಒಂದು ವಿಕ್ಟೋರಿಯಾ ಪ್ರಾಂತದ ಅಲ್ಬರ್ಟನ್ ಎಂಬ ಊರಿನವರು ಯುದ್ಧಕ್ಕೆ ಹೊರಟ ತಮ್ಮ ಹುಡುಗರಿಗೆ ಕೊಟ್ಟದ್ದು. ಇಷ್ಟಾದ ಮೇಲೆ 2008ರಲ್ಲಿ ಪ್ರಾಯೋಗಿಕವಾಗಿ ಅಗೆದು ನೋಡಿದಾಗ ಎಲುಬುಗಳು ಕಂಡವು. 2009ರಲ್ಲಿ ಆಕ್ಸ್‌ಫರ್ಡ್ ಆರ್ಕಿಯಾಲಜಿ ಸಂಸ್ಥೆಯ ತಂಡ ತಿಂಗಳುಗಟ್ಟಲೆ ಕೆಲಸ ಮಾಡಿ 250 ದೇಹಗಳ ಅವಶೇಷಗಳನ್ನು ಹೊರತೆಗೆಯಿತು. ಅವರ ಜೊತೆ ಸಾವಿರಾರು ಬಟ್ಟೆಯ ಗುಂಡಿ, ಬಕಲ್, ಬೂಟು, ಚರ್ಮದ ತುಂಡುಗಳೂ ಬಂದವು.

ಆ ವಸ್ತುಗಳಲ್ಲಿ ನನ್ನ ಮನಸ್ಸಿನಿಂದ ಹೋಗದೆ ಉಳಿದದ್ದು ಒಂದು ರೈಲು ಟಿಕೆಟ್. ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ ಪರ್ತ್ ನಗರಕ್ಕೆ ಹೋಗಿಬರುವ ಟಿಕೆಟ್ಟಿನ ಮರುಪಯಣದ ಭಾಗ ಅದು. ಮಡಿಸಿಟ್ಟ ಆ ಕಾಗದ ಜೇಡಿಮಣ್ಣಿನೊಳಗೆ ತೊಂಬತ್ತು ವರ್ಷ ಕೊಳೆಯದೆ ಉಳಿಯಿತು. ಗುಂಡಿಯ ಆಳದ ನೀರು ತುಂಬಿದ ಜೇಡಿಗೆ ಗಾಳಿ ಇಳಿಯುವುದಿಲ್ಲ. ಗಾಳಿಯಿಲ್ಲದಿದ್ದರೆ ಕಾಗದವನ್ನೂ ಚರ್ಮವನ್ನೂ ತಿನ್ನುವ ಬಹುಪಾಲು ಸೂಕ್ಷ್ಮಜೀವಿಗಳು ಕೆಲಸ ಮಾಡಲಾರವು. ಮರಳಿ ಹೋಗಲು ಟಿಕೆಟ್ ಇಟ್ಟುಕೊಂಡಿದ್ದವನು ಯಾರೆಂದು ಟಿಕೆಟ್ ಹೇಳುವುದಿಲ್ಲ. ಅವನು ಪಶ್ಚಿಮ ಆಸ್ಟ್ರೇಲಿಯಾದ ಕಡೆಯವನಿರಬೇಕು ಎಂಬಷ್ಟು ಸುಳಿವು ಮಾತ್ರ ಕೊಡುತ್ತದೆ.

ಎಲುಬುಗಳು ಇನ್ನಷ್ಟು ಹೇಳುತ್ತವೆ. ತೊಡೆಯೆಲುಬಿನ ಉದ್ದದಿಂದ ಎತ್ತರವನ್ನು ಅಂದಾಜು ಮಾಡಬಹುದು. ಕಾಲರ್ ಮೂಳೆಯ ಎದೆಯ ಕಡೆಯ ತುದಿ ಪೂರ್ತಿ ಬೆಸೆದುಕೊಳ್ಳುವುದು ಇಪ್ಪತ್ತರ ಹರೆಯದ ಉತ್ತರಾರ್ಧದ ಹೊತ್ತಿಗೆ. ಬೆಸೆಯದಿದ್ದರೆ ಅವನಿನ್ನೂ ಎಳೆಯ ಎಂದರ್ಥ. ಬಾಲ್ಯದಲ್ಲಿ ಮುರಿದು ಕೂಡಿಕೊಂಡ ಕೈ, ಹಲ್ಲಿಗೆ ತುಂಬಿದ ಲೋಹ ಇವೆಲ್ಲ ಉಳಿದಿರುತ್ತವೆ. ಸೇನೆಗೆ ಸೇರುವಾಗಿನ ಕಾಗದಗಳಲ್ಲಿ ಎತ್ತರ, ವಯಸ್ಸು, ಗಾಯದ ಗುರುತು ಬರೆದಿಡುತ್ತಿದ್ದರಾದ್ದರಿಂದ ಎರಡನ್ನೂ ಹೋಲಿಸಿ ನೋಡಬಹುದು. ಆದರೆ ಸೇನೆ ಸೇರುವ ಆಸೆಗೆ ವಯಸ್ಸನ್ನು ಹೆಚ್ಚಿಸಿ ಬರೆಸಿದ ಹುಡುಗರೂ ಇದ್ದರು, ಒಂದೇ ಎತ್ತರದ ಯುವಕರು ನೂರಾರು ಮಂದಿ ಇದ್ದರು. ಆದ್ದರಿಂದ ಎಲುಬಿನ ಸಾಕ್ಷ್ಯವೊಂದರಿಂದಲೇ ಹೆಸರಿನವರೆಗೆ ಹೋಗುವುದು ಅಪರೂಪ.

ಇಲ್ಲಿ ಡಿಎನ್‌ಎ ನೆರವಿಗೆ ಬಂತು. ಜೀವ ಹೋದ ಕೂಡಲೇ ಡಿಎನ್‌ಎಯ ಉದ್ದನೆಯ ಎಳೆ ತುಂಡಾಗಲು ತೊಡಗುತ್ತದೆ. ನೀರು, ಶಾಖ, ಸೂಕ್ಷ್ಮಜೀವಿಗಳು ಅದನ್ನು ಕಡಿಯುತ್ತ ಹೋಗುತ್ತವೆ. ಹಲ್ಲಿನ ಗಟ್ಟಿ ಕವಚದೊಳಗೆ ಅದು ತಕ್ಕಮಟ್ಟಿಗೆ ಸುರಕ್ಷಿತವಾಗಿರುವುದರಿಂದ ಇಂಥ ಕೆಲಸದಲ್ಲಿ ಮೊದಲು ಹುಡುಕುವುದು ಹಲ್ಲನ್ನು. ಅಗೆಯುವವರ ಬೆವರಿನ ಒಂದು ಹನಿಯೋ ಕೂದಲಿನ ಒಂದು ಎಳೆಯೋ ಸೇರಿದರೂ ಪರೀಕ್ಷೆ ಕೆಡುತ್ತದೆ. ಅದಕ್ಕಾಗಿ ಅಗೆಯುವವರು ಮೈಮುಚ್ಚುವ ಉಡುಪು ತೊಟ್ಟರು. ತಮ್ಮ ಡಿಎನ್‌ಎ ಮಾದರಿಯನ್ನೂ ಕೊಟ್ಟಿಟ್ಟರು, ಅದು ಕಂಡುಬಂದರೆ ಪಕ್ಕಕ್ಕಿಡಲು ಅನುಕೂಲವಾಗಲೆಂದು.

ಹಲ್ಲಿನಿಂದ ತೆಗೆದ ಡಿಎನ್‌ಎಯನ್ನು ಯಾರದ್ದರ ಜೊತೆ ಹೋಲಿಸುವುದು? ಸತ್ತವರಲ್ಲಿ ಬಹುಮಂದಿ ಮದುವೆಯಾಗದ, ಮಕ್ಕಳಿಲ್ಲದ ತರುಣರು. ಇಂದು ಬದುಕಿರುವವರು ಅವರ ಅಣ್ಣ, ತಮ್ಮ, ಅಕ್ಕ, ತಂಗಿಯರ ಮೊಮ್ಮಕ್ಕಳು, ಮರಿಮಕ್ಕಳು. ಸಾಮಾನ್ಯ ಡಿಎನ್‌ಎ ತಲೆಮಾರಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ: ಸೋದರಮಾವ ಮತ್ತು ಸೋದರಳಿಯನ ನಡುವೆ ಕಾಲು ಭಾಗ ಸಮಾನವಾಗಿದ್ದರೆ, ಆ ಅಳಿಯನ ಮೊಮ್ಮಗನ ಹೊತ್ತಿಗೆ ಅದು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಚೂರುಚೂರಾದ ಎಳೆಗಳಲ್ಲಿ ಅಷ್ಟು ತೆಳುವಾದ ಸಂಬಂಧವನ್ನು ಹಿಡಿಯುವುದು ಕಷ್ಟ.

ಆದರೆ ಹೀಗೆ ಅರ್ಧಕ್ಕೆ ಇಳಿಯದೆ ಬರುವ ಎರಡು ಬಗೆಯ ಡಿಎನ್‌ಎ ಇವೆ. ಗಂಡಸರಲ್ಲಷ್ಟೇ ಇರುವ ವೈ ವರ್ಣತಂತು ತಂದೆಯಿಂದ ಗಂಡುಮಕ್ಕಳಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ. ಕೋಶಕೇಂದ್ರದ ಹೊರಗೆ, ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದಕ್ಕೆ ಹೋಗುವುದು ಮಾತ್ರ ಹೆಣ್ಣುಮಕ್ಕಳ ಮೂಲಕ. ಗೋತ್ರ ಎಂಬುದು ತಂದೆಯ ಕಡೆಯಿಂದ ಬಂದರೆ ತುಳುನಾಡಿನ ಅಳಿಯಸಂತಾನದವರ 'ಬಳಿ' ತಾಯಿಯ ಕಡೆಯಿಂದ ಬರುತ್ತದಲ್ಲ, ಹಾಗೆಯೇ ಇದು. ಮನುಷ್ಯನ ಪ್ರತಿ ಗಂಡುದೇಹವೂ ಒಂದು ಗೋತ್ರವನ್ನೂ ಒಂದು ಬಳಿಯನ್ನೂ ಹೊತ್ತಿರುತ್ತದೆ. ತಾಯಿಯ ಕಡೆಯ ಡಿಎನ್‌ಎಗೆ ಇನ್ನೊಂದು ಅನುಕೂಲವಿದೆ. ಕೋಶಕೇಂದ್ರದಲ್ಲಿ ಪ್ರತಿ ವಂಶವಾಹಿಗೆ ಎರಡೇ ಪ್ರತಿಗಳಿದ್ದರೆ ಮೈಟೊಕಾಂಡ್ರಿಯದ ಡಿಎನ್‌ಎಗೆ ಒಂದು ಕೋಶದಲ್ಲಿ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಮನೆಯಲ್ಲಿ ಒಂದೇ ಪ್ರತಿಯಿರುವ ಗ್ರಂಥವನ್ನು ಗೆದ್ದಲು ತಿಂದರೆ ಮುಗಿಯಿತು. ಊರಿನ ಎಲ್ಲ ಮನೆಗಳಲ್ಲೂ ಪ್ರತಿಯಿದ್ದರೆ ಅಲ್ಲೊಂದು ಹಾಳೆ, ಇಲ್ಲೊಂದು ಹಾಳೆ ಕೂಡಿಸಿ ಓದಬಹುದು.

ಹಾಗೆಂದು ಇವೆರಡೂ ಒಬ್ಬ ವ್ಯಕ್ತಿಯನ್ನು ಬೆರಳು ಮಾಡಿ ತೋರಿಸುವುದಿಲ್ಲ, ಒಂದು ಕುಲವನ್ನು ತೋರಿಸುತ್ತವೆ. ಯುರೋಪ್ ಮೂಲದವರಲ್ಲಿ ಕೆಲವು ಮೈಟೊಕಾಂಡ್ರಿಯ ಬಗೆಗಳು ತುಂಬ ಸಾಮಾನ್ಯವಾದ್ದರಿಂದ ಸಂಬಂಧವೇ ಇಲ್ಲದ ಇಬ್ಬರದೂ ಒಂದೇ ಆಗಿರಬಹುದು. ಒಡಹುಟ್ಟಿದ ಅಣ್ಣತಮ್ಮಂದಿರಲ್ಲಂತೂ ಎರಡೂ ಒಂದೇ ಆಗಿರುತ್ತವೆ. ಫ್ರೊಮೆಲ್‌ನಲ್ಲಿ ಗುರುತು ಸಿಕ್ಕವರ ನಡುವೆ ಒಡಹುಟ್ಟಿದವರೂ ಇದ್ದಾರೆ. ಇಂಥಲ್ಲಿ ವಯಸ್ಸು, ಎತ್ತರ, ಹಲ್ಲು, ಜೇಬಿನಲ್ಲಿದ್ದ ವಸ್ತು ಎಲ್ಲವನ್ನೂ ಕೂಡಿಸಿ ತೂಗಬೇಕಾಗುತ್ತದೆ. ಈ ತೂಕಕ್ಕೆ ದೊಡ್ಡ ಆಧಾರವಾದದ್ದು, ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಮನಕಲಕುವ ಸಂಗತಿ, ಬಿಲ್ಲೆ ಕಳಚಿಕೊಂಡ ಜರ್ಮನರು ಬರೆದಿಟ್ಟ ಆ ಪಟ್ಟಿಯೇ. ಅದು ಇದ್ದುದರಿಂದ ವಿಜ್ಞಾನಿಗಳು ಜಗತ್ತಿನ ಎಲ್ಲ ಮನುಷ್ಯರ ನಡುವೆ ಹುಡುಕಬೇಕಾಗಿ ಬರಲಿಲ್ಲ. ಗೊತ್ತಿರುವ ಒಂದಿಷ್ಟು ಹೆಸರುಗಳಲ್ಲಿ ಇವನು ಯಾವನು ಎಂದು ಕೇಳಿದರೆ ಸಾಕಾಯಿತು. ಹೆಸರನ್ನು ದೇಹದಿಂದ ಬೇರೆ ಮಾಡಿದ ಕೈಯೇ ಅದನ್ನು ಮರಳಿಸುವ ದಾರಿಯನ್ನೂ ಬರೆದಿಟ್ಟಿತ್ತು.

2010ರ ಜನವರಿ 30ರಂದು ಮೊದಲನೆಯ ದೇಹವನ್ನು ಹೊಸ ಸ್ಮಶಾನದಲ್ಲಿ ಸೈನಿಕ ಗೌರವದೊಂದಿಗೆ ಮಣ್ಣು ಮಾಡಲಾಯಿತು. 250ನೆಯದನ್ನು ಕದನದ 94ನೆಯ ವಾರ್ಷಿಕ ದಿನವಾದ ಜುಲೈ 19ಕ್ಕೆಂದು ಉಳಿಸಿಕೊಂಡಿದ್ದರು. ದೇಹಗಳನ್ನು ಆಸ್ಟ್ರೇಲಿಯಾಕ್ಕೆ ಒಯ್ಯಲಿಲ್ಲ. ಸತ್ತ ಸೈನಿಕ ಶ್ರೀಮಂತನಿರಲಿ, ಬಡವನಿರಲಿ, ಅಧಿಕಾರಿಯಿರಲಿ, ಸಿಪಾಯಿಯಿರಲಿ, ಎಲ್ಲರೂ ಬಿದ್ದ ನೆಲದಲ್ಲೇ ಒಂದೇ ಬಗೆಯ ಕಲ್ಲಿನ ಕೆಳಗೆ ಮಲಗಬೇಕು ಎಂದು 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗ ತನ್ನ ಆರಂಭದಿಂದಲೂ ನಡೆದುಕೊಂಡು ಬಂದಿದೆ. ಅದೇ ಆಯೋಗ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ನವ್ ಶಾಪೆಲ್‌ನಲ್ಲಿ, ಸಮಾಧಿಯೇ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿರುವ ಸ್ಮಾರಕವನ್ನೂ ಕಾಪಾಡುತ್ತಿದೆ. ಅಲ್ಲಿ ಹೆಸರುಗಳಿವೆ, ದೇಹಗಳಿಲ್ಲ. ಫ್ರೊಮೆಲ್‌ಗೆ ಹೋಗುವ ಭಾರತೀಯರು ಅಲ್ಲಿಗೂ ಹೋಗಿ ಬರಬೇಕು.

2010ರ ಮಾರ್ಚಿನಲ್ಲಿ ಮೊದಲ 75 ಹೆಸರುಗಳು ಹೊರಬಂದವು. ಆಮೇಲೆ ವರ್ಷವರ್ಷವೂ ಕೆಲವು ಹೆಸರುಗಳು ಸೇರುತ್ತ ಈಗ 170ನ್ನು ದಾಟಿವೆ. ಒಬ್ಬನ ಗುರುತು ಖಚಿತವಾದಾಗ ಹಳೆಯ ಕಲ್ಲನ್ನು ತೆಗೆದು ಹೆಸರಿರುವ ಕಲ್ಲನ್ನು ನಿಲ್ಲಿಸುತ್ತಾರೆ. ಮನೆಯವರು ಬಯಸಿದರೆ ತಮ್ಮದೊಂದು ಸಾಲನ್ನೂ ಬುಡದಲ್ಲಿ ಕೆತ್ತಿಸಬಹುದು.

ಉಳಿದವರ ವಿಷಯದಲ್ಲಿ ಪ್ರಯೋಗಾಲಯದ ಕೆಲಸ ಬಹುಮಟ್ಟಿಗೆ ಮುಗಿದಿದೆ, ಮುಗಿಯದಿರುವುದು ವಂಶಾವಳಿಯ ಕೆಲಸ. ಸೈನಿಕನ ತಂಗಿಯ ಮಗಳ ಮಗಳನ್ನು ಹುಡುಕಬೇಕಾದರೆ ಪ್ರತಿ ತಲೆಮಾರಿನಲ್ಲೂ ಮದುವೆಯಾಗಿ ಹೆಸರು ಬದಲಿಸಿಕೊಂಡ ಒಬ್ಬ ಹೆಣ್ಣುಮಗಳನ್ನು ಹಿಂಬಾಲಿಸಬೇಕು. ಮದುವೆಯ ದಾಖಲೆ, ಚರ್ಚಿನ ಪುಸ್ತಕ, ಮತದಾರರ ಪಟ್ಟಿ, ಕೆಲವೊಮ್ಮೆ ಸಮುದ್ರದಾಚೆಯ ಇಂಗ್ಲೆಂಡಿಗೋ ಐರ್ಲೆಂಡಿಗೋ ಹೋಗಿ ತಾಯಿಯ ತವರನ್ನು ಪತ್ತೆಮಾಡಬೇಕು. ಸಿಕ್ಕವಳು ಬಹಳ ಸಲ ಆ ಸೈನಿಕನ ಹೆಸರನ್ನೇ ಕೇಳಿರುವುದಿಲ್ಲ. ಒಂದು ಹತ್ತಿಯ ಕಡ್ಡಿಯನ್ನು ಕೆನ್ನೆಯ ಒಳಬದಿಗೆ ಉಜ್ಜಿ ಲಕೋಟೆಗೆ ಹಾಕಿ ಕಳಿಸಿದರೆ ಅವಳ ಕೆಲಸ ಮುಗಿಯುತ್ತದೆ.