ಕುರ್ಚಿ ಖಾಲಿಯಾಗುವ ಮೊದಲೇ ಬಂದವರು: ಷಿಕಾಗೊ ಕಬ್ಸ್ ತಂಡದ ಮ್ಯಾನೇಜರ್ ಹುದ್ದೆಯ ಹಿನ್ನೆಲೆ

2023ರ ನವೆಂಬರ್ 6ರಂದು ಷಿಕಾಗೊ ಕಬ್ಸ್ ಬೇಸ್‌ಬಾಲ್ ತಂಡ ಕ್ರೇಗ್ ಕೌನ್ಸೆಲ್ ಅವರನ್ನು ಮ್ಯಾನೇಜರ್ ಆಗಿ ನೇಮಿಸಿಕೊಂಡ ಸುದ್ದಿ ಹೊರಬಿದ್ದಾಗ, ಆ ಹುದ್ದೆ ಖಾಲಿಯಾಗಿದೆ ಎಂಬುದೇ ಅಭಿಮಾನಿಗಳಿಗೆ ತಿಳಿದಿರಲಿಲ್ಲ. ತಿಳಿಯುವುದು ಸಾಧ್ಯವೂ ಇರಲಿಲ್ಲ. ಅಲ್ಲಿ ಡೇವಿಡ್ ರಾಸ್ ಇದ್ದರು, ಅವರ ಒಪ್ಪಂದದಲ್ಲಿ ಮುಂದಿನ ವರ್ಷವೂ ಉಳಿದಿತ್ತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಮ್ಯಾನೇಜರ್ ಎಂದರೆ ತಂಡದ ಪ್ರಯಾಣ, ವಸತಿಗಳ ಉಸ್ತುವಾರಿ ನೋಡಿಕೊಳ್ಳುವವರು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಯಾರು ಯಾವ ಕ್ರಮದಲ್ಲಿ ಬ್ಯಾಟ್ ಹಿಡಿಯಬೇಕು, ದಣಿದ ಪಿಚರ್‌ನನ್ನು (ಚೆಂಡೆಸೆಯುವವನನ್ನು) ಯಾವಾಗ ಬದಲಿಸಬೇಕು ಎಂಬುದನ್ನು ಆಟಗಾರರಂತೆಯೇ ಸಮವಸ್ತ್ರ ತೊಟ್ಟು, ಮೈದಾನದಂಚಿನ ಡಗೌಟ್‌ನಲ್ಲಿ ಕುಳಿತು ನಿರ್ಧರಿಸುವ ವ್ಯಕ್ತಿ ಅವರು. ನಮ್ಮ ನಾಯಕ ಮತ್ತು ಕೋಚ್ ಇಬ್ಬರ ಕೆಲಸವೂ ಬಹುಮಟ್ಟಿಗೆ ಅವರದೇ. ಆದರೆ ತಂಡದಲ್ಲಿ ಯಾರಿರಬೇಕು, ಯಾರನ್ನು ಮಾರಬೇಕು ಎಂಬುದು ಮೇಲಿನ ಆಡಳಿತ ಕಚೇರಿಗೆ ಸೇರಿದ ವಿಷಯ. ಕಬ್ಸ್‌ನ ಗೊಂದಲಗಳೆಲ್ಲ ಹುಟ್ಟುವುದು ಈ ಎರಡು ಕೋಣೆಗಳ ನಡುವೆ.

ಅಮೆರಿಕದ ಎರಡು ಪ್ರಮುಖ ಬೇಸ್‌ಬಾಲ್ ಲೀಗ್‌ಗಳಲ್ಲೊಂದಾದ ನ್ಯಾಷನಲ್ ಲೀಗ್ 1876ರಲ್ಲಿ ಆರಂಭವಾದಾಗಲೇ ಇದ್ದ ಈ ತಂಡ 1907 ಮತ್ತು 1908ರಲ್ಲಿ ವರ್ಲ್ಡ್ ಸೀರೀಸ್ (ಎರಡೂ ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ) ಗೆದ್ದು, ಮುಂದಿನ ಗೆಲುವಿಗೆ 108 ವರ್ಷ ಕಾಯಿತು. ಈ ನಡುವೆ 1961ರಲ್ಲಿ ಮಾಲೀಕ ಫಿಲಿಪ್ ರಿಗ್ಲಿ ಮ್ಯಾನೇಜರ್ ಹುದ್ದೆಯನ್ನೇ ತೆಗೆದುಹಾಕಿ, ಹಲವು ಕೋಚ್‌ಗಳು ಸರದಿಯಲ್ಲಿ ತಂಡ ನಡೆಸುವ ಪ್ರಯೋಗ ಮಾಡಿದರು. ಮರುವರ್ಷ ತಂಡ 103 ಪಂದ್ಯ ಸೋತಿತು. 1966ರಲ್ಲಿ ಬಂದ ಲಿಯೊ ಡ್ಯುರೋಷರ್ ತಾನು ಮ್ಯಾನೇಜರ್ ಎಂದು ತಾವೇ ಘೋಷಿಸಿಕೊಂಡು, ಇದು ಎಂಟನೆಯ ಸ್ಥಾನದ ತಂಡವಲ್ಲ ಎಂದರು. ಮಾತು ಸುಳ್ಳಾಗಲಿಲ್ಲ, ಆ ವರ್ಷ ಕಬ್ಸ್ ಹತ್ತನೆಯ ಸ್ಥಾನದಲ್ಲಿತ್ತು.

ಇಂದಿನ ಕಥೆಯ ಬೇರು ಇರುವುದು 2014ರಲ್ಲಿ. ಎಳೆಯ ಆಟಗಾರರನ್ನು ತಿದ್ದುವುದಕ್ಕೆಂದು ಕಬ್ಸ್ ಮ್ಯಾನೇಜರ್ ಆಗಿ ನೇಮಕಗೊಂಡಿದ್ದ ರಿಕ್ ರೆಂಟೇರಿಯಾ ಅವರ ಮೊದಲ ವರ್ಷ ಮುಗಿದಿತ್ತಷ್ಟೆ. ಆಗ ಟ್ಯಾಂಪಾ ಬೇ ತಂಡದ ಮ್ಯಾನೇಜರ್ ಜೋ ಮ್ಯಾಡನ್ ತಮ್ಮ ಒಪ್ಪಂದದ ಒಂದು ಷರತ್ತನ್ನು ಬಳಸಿಕೊಂಡು ಅಲ್ಲಿಂದ ಬಿಡುಗಡೆ ಪಡೆದರು. ಮ್ಯಾಡನ್ ಅವರನ್ನು ಕರೆತರಲೆಂದು, ಅಕ್ಟೋಬರ್ ಮುಗಿಯುವಷ್ಟರಲ್ಲಿ ರೆಂಟೇರಿಯಾ ಅವರನ್ನು ಮನೆಗೆ ಕಳಿಸಲಾಗಿತ್ತು. ರೆಂಟೇರಿಯಾ ಮುಂದುವರಿಯಲು ಅರ್ಹರಾಗಿದ್ದರೆಂದು ಆಡಳಿತವೇ ಹೇಳಿಕೆಯಲ್ಲಿ ಒಪ್ಪಿಕೊಂಡಿತು; ಕೆಲಸದಿಂದ ತೆಗೆಯುತ್ತ ಇಂಥ ಪ್ರಶಸ್ತಿಪತ್ರ ಬರೆದುಕೊಡುವುದು ಅಪರೂಪ. ಎರಡು ವರ್ಷಗಳ ತರುವಾಯ, 2016ರ ನವೆಂಬರ್‌ನಲ್ಲಿ, ವರ್ಲ್ಡ್ ಸೀರೀಸ್‌ನಲ್ಲಿ 3-1ರ ಹಿನ್ನಡೆಯಿಂದ ಮೇಲೆದ್ದ ಕಬ್ಸ್ ಕ್ಲೀವ್‌ಲ್ಯಾಂಡ್ ತಂಡವನ್ನು ಏಳನೆಯ ಪಂದ್ಯದಲ್ಲಿ 8-7ರಿಂದ ಸೋಲಿಸಿದ್ದರಿಂದ, ರೆಂಟೇರಿಯಾ ಅವರ ಪ್ರಸಂಗವನ್ನು ಯಾರೂ ಮತ್ತೆ ಎತ್ತಲಿಲ್ಲ.

ಅದೇ ಮ್ಯಾಡನ್ ಅವರ ಒಪ್ಪಂದವನ್ನು 2019ರಲ್ಲಿ ನವೀಕರಿಸಲಿಲ್ಲ. ಅವರ ಜಾಗಕ್ಕೆ ಬಂದವರು ಡೇವಿಡ್ ರಾಸ್. 2016ರ ಆ ಕೊನೆಯ ಪಂದ್ಯದಲ್ಲಿ 39ರ ವಯಸ್ಸಿನಲ್ಲಿ ಹೋಮ್ ರನ್ (ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ಹೊಡೆದಿದ್ದ, ಸಹ ಆಟಗಾರರು ‘ಅಜ್ಜ’ ಎಂದೇ ಕರೆಯುತ್ತಿದ್ದ ಕ್ಯಾಚರ್ (ನಮ್ಮ ವಿಕೆಟ್ ಕೀಪರ್‌ನಂಥ ಆಟಗಾರ) ಅವರು. 2021ರ ಜುಲೈನಲ್ಲಿ ಆಡಳಿತವು 2016ರ ತಂಡದ ತಾರೆಗಳಾದ ಆಂಟನಿ ರಿಝೊ, ಕ್ರಿಸ್ ಬ್ರಯಂಟ್, ಹಾವಿಯೆರ್ ಬಾಯೆಝ್ ಮೂವರನ್ನೂ ಬೇರೆ ತಂಡಗಳಿಗೆ ಕೊಟ್ಟುಬಿಟ್ಟ ಮೇಲೆ, ರಾಸ್ ಅವರ ಕೈಯಲ್ಲಿ ಉಳಿದದ್ದು ಬೇರೆಯದೇ ತಂಡ. ಹಾಗಿದ್ದೂ 2023ರ ಸೆಪ್ಟೆಂಬರ್ ಆರಂಭದಲ್ಲಿ ಪ್ಲೇಆಫ್ ಕೈಗೆಟುಕುವಂತಿತ್ತು. ಅಟ್ಲಾಂಟಾದಲ್ಲಿ 6-0 ಮುನ್ನಡೆಯಿದ್ದ ಪಂದ್ಯವೊಂದು ಕೈಬಿಟ್ಟ ಒಂದು ಕ್ಯಾಚ್‌ನೊಂದಿಗೆ 7-6ರ ಸೋಲಾಯಿತು. ಕೊನೆಗೆ 83 ಗೆಲುವುಗಳಲ್ಲಿ ಕಬ್ಸ್ ನಿಂತಿತು. 84 ಗೆದ್ದ ಅರಿಝೋನಾ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು.

ಆ ಒಂದು ಪಂದ್ಯದ ಅಂತರಕ್ಕೆ ಆಡಳಿತ ಕಂಡುಕೊಂಡ ಉತ್ತರ ಕೌನ್ಸೆಲ್. ಐದು ವರ್ಷಗಳಿಗೆ 4 ಕೋಟಿ ಡಾಲರಿಗೂ ಹೆಚ್ಚು ಮೊತ್ತದ ಆ ಒಪ್ಪಂದ ಅದುವರೆಗೆ ಯಾವ ಮ್ಯಾನೇಜರ್‌ಗೂ ಸಿಕ್ಕಿರಲಿಲ್ಲ. ಅವರು ಬಂದದ್ದಾದರೂ ಎಲ್ಲಿಂದ? ಸುಮಾರು 150 ಕಿಲೋಮೀಟರ್ ದೂರದ, ತಾವೇ ಬೆಳೆದ ಮಿಲ್ವಾಕಿಯಿಂದ, ಅದೇ ವಿಭಾಗದ ಎದುರಾಳಿ ಬ್ರೂವರ್ಸ್ ತಂಡದಿಂದ.

2024ರಲ್ಲಿ ಕೌನ್ಸೆಲ್ ಅವರ ಕಬ್ಸ್ ಗೆದ್ದದ್ದು ಮತ್ತೆ ಅದೇ 83 ಪಂದ್ಯ. ಬ್ರೂವರ್ಸ್‌ನಲ್ಲಿ ಅವರ ಸಹಾಯಕರಾಗಿದ್ದ ಪ್ಯಾಟ್ ಮರ್ಫಿ ಬಡ್ತಿ ಪಡೆದು, ವಿಭಾಗವನ್ನೂ ಗೆದ್ದು, ನ್ಯಾಷನಲ್ ಲೀಗ್‌ನ ವರ್ಷದ ಮ್ಯಾನೇಜರ್ ಎನಿಸಿಕೊಂಡರು. 2025ರಲ್ಲಿ 92 ಪಂದ್ಯ ಗೆದ್ದು ಪ್ಲೇಆಫ್ ತಲುಪಿದ ಕಬ್ಸ್‌ಗೆ ಎದುರಾದದ್ದು ಬ್ರೂವರ್ಸ್. ಸರಣಿಯ ನಿರ್ಣಾಯಕ ಐದನೆಯ ಪಂದ್ಯದಲ್ಲಿ ಮಿಲ್ವಾಕಿಯಲ್ಲಿ ಸೋತ ಕಬ್ಸ್ ಷಿಕಾಗೊಗೆ ಮರಳಿತು. ಕೌನ್ಸೆಲ್ ಅವರ ಒಪ್ಪಂದ 2028ರವರೆಗೆ ಇದೆ.