ಎಷ್ಟು ಓದಿದ ಮೇಲೆ ಐತಿಹಾಸಿಕ ಕಾದಂಬರಿ ಬರೆಯಲು ಕೂರಬೇಕು?

ಪ್ರಶ್ನೆ: ನರಗುಂದ ಬಂಡಾಯದ ಬಗ್ಗೆ ಕಾದಂಬರಿ ಬರೆಯುವ ಆಸೆ. ಓದುತ್ತಲೇ ಇದ್ದೇನೆ, ಬರೆಯಲು ಧೈರ್ಯ ಬರುತ್ತಿಲ್ಲ. ಎಷ್ಟು ಓದಿದರೆ ಸಾಕು?

ಧಾರವಾಡ, ಗದಗ ಕಡೆ ಬರೆಯುವ ನಾಲ್ಕು ಮಂದಿ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಹೇಳುವುದು ಇಷ್ಟು: ಸದ್ಯಕ್ಕೆ ಓದಿದ್ದು ಸಾಕು, ಒಂದು ದೃಶ್ಯ ಬರೆಯಿರಿ. ಮುಂದೆ ಏನು ಓದಬೇಕು ಅನ್ನೋದನ್ನು ಆ ದೃಶ್ಯವೇ ಕೇಳುತ್ತದೆ.

ದೊಡ್ಡ ಸಂಗತಿಗಳು ನಿಮಗೆ ಗೊತ್ತೇ ಇವೆ. ನರಗುಂದ ಸಂಸ್ಥಾನದ ಒಡೆಯ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರು, ದತ್ತು ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಲಿಲ್ಲ. ಸಾಲದ್ದಕ್ಕೆ ಆಯುಧ ಒಪ್ಪಿಸಿ ಅಂದರು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ (ಸಂಸ್ಥಾನಗಳ ಮೇಲೆ ಕಣ್ಣಿಡುವ ಇಂಗ್ಲಿಷ್ ಅಧಿಕಾರಿ) ಮ್ಯಾನ್ಸನ್‌ನ ಮೇಲೆ ನರಗುಂದದವರು ಬಿದ್ದರು. ಅವನನ್ನು ಕೊಂದು ತಲೆಯನ್ನು ನರಗುಂದಕ್ಕೆ ತಂದರು. ಜೂನ್ ಮೊದಲ ವಾರದಲ್ಲೇ ಕೋಟೆ ಬಿತ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು. ಇದನ್ನೇ ಇನ್ನೂ ಹತ್ತು ಪುಸ್ತಕಗಳಲ್ಲಿ ಓದಿದರೂ ಕಾದಂಬರಿ ಒಂದು ಸಾಲು ಮುಂದೆ ಹೋಗುವುದಿಲ್ಲ.

ಈಗ ಮ್ಯಾನ್ಸನ್‌ನ ಮೇಣೆ ಹೊತ್ತವನೊಬ್ಬನನ್ನು ಹಿಡಿದುಕೊಳ್ಳಿ. ರಾಮದುರ್ಗದಿಂದ ಹೊರಟು ಸುರೇಬಾನಕ್ಕೆ ಬಂದಿದ್ದಾನೆ. ಮೇಣೆ ಇಳಿಸಿದ್ದಾನೆ, ಹೆಗಲು ಉರಿಯುತ್ತಿದೆ. ಸಾಹೇಬ ಮಲಗಿದ್ದಾನೆ. ಇವನು ಎಲ್ಲಿ ಕೂತ? ಬುತ್ತಿಯಲ್ಲಿ ಏನಿತ್ತು? ಕತ್ತಲಲ್ಲಿ ಬಂದವರು ಇವನಿಗೆ ಎಷ್ಟು ದೂರದಿಂದ ಕಂಡರು?

ಕೊನೆಯ ಪ್ರಶ್ನೆ ಸಣ್ಣದಲ್ಲ. 'ಕಗ್ಗತ್ತಲ ರಾತ್ರಿ' ಅಂತ ಬರೆಯಲು ಕೈ ತಾನಾಗಿಯೇ ಹೋಗುತ್ತದೆ. ಆದರೆ ಆ ತಿಂಗಳ ಹುಣ್ಣಿಮೆ ಆಗಿ ಆಗಿನ್ನೂ ಒಂದೆರಡು ದಿನ ಅಷ್ಟೇ. ಹಿಂದಕ್ಕೆ ಲೆಕ್ಕ ಹಾಕಿ ನೋಡಿ, ಸಿಗುತ್ತದೆ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೇ ಚಂದ್ರ ಮೂಡಿರಬೇಕು. ನಡುರಾತ್ರಿಗೆ ಬಯಲೆಲ್ಲ ಬೆಳದಿಂಗಳು. ಮೇ ಕೊನೆಯಾದ್ದರಿಂದ ಮೋಡ ಕವಿದಿರಲೂಬಹುದು, ಅದನ್ನು ತೀರ್ಮಾನಿಸುವವರು ನೀವು. ಮೋಡ ಇಲ್ಲ ಅಂದುಕೊಂಡರೆ ಇಡೀ ದೃಶ್ಯವೇ ಬದಲಾಗುತ್ತದೆ. ಬರುವ ಕುದುರೆಗಳನ್ನು ಅವನು ನೋಡಿಬಿಟ್ಟ. ಕೂಗಿದನಾ, ಸುಮ್ಮನೆ ಎದ್ದು ಹೊಲಕ್ಕೆ ಇಳಿದನಾ? ನಿಮ್ಮ ಕಾದಂಬರಿ ಇರುವುದು ಇಲ್ಲಿ. ಯಾವ ದಫ್ತರದಲ್ಲೂ ಇದಕ್ಕೆ ಉತ್ತರ ಸಿಗುವುದಿಲ್ಲ, ಆದರೆ ಚಂದ್ರನ ಲೆಕ್ಕ ನೋಡದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅಲ್ವಾ?

ಒಮ್ಮೆ ಮೇ ಕೊನೆಯಲ್ಲಿ ಆ ದಾರಿ ನಡೆದು ಬನ್ನಿ. ಬೇಸಿಗೆಯ ಎರೆಹೊಲದ ಬಿರುಕಿಗೆ ಕಾಲು ಸಿಕ್ಕರೆ ಹೇಗಿರುತ್ತದೆ, ಒಂದು ಮಳೆ ಬಿದ್ದ ಮೇಲೆ ಅದೇ ಮಣ್ಣು ಹೇಗೆ ಕಾಲು ಹಿಡಿಯುತ್ತದೆ, ಇದು ಪುಸ್ತಕದಿಂದ ಬರುವುದಿಲ್ಲ. ನರಗುಂದದ ಗುಡ್ಡ ಎಷ್ಟು ದೂರದಿಂದ ಕಾಣುತ್ತದೆ ಅನ್ನೋದನ್ನೂ ನೋಡಿಕೊಳ್ಳಿ.

ಇನ್ನು ಕಾಗದ ಪತ್ರ. 1884ರಲ್ಲಿ ಬಂದ ಮುಂಬಯಿ ಸರ್ಕಾರದ ಧಾರವಾಡ ಗ್ಯಾಝೆಟಿಯರ್ ಓದಲೇಬೇಕು. ಬೆಳೆ, ಸಂತೆ, ದಾರಿ, ಕಸುಬು, ಬರಗಾಲ ಎಲ್ಲ ಅದರಲ್ಲಿದೆ. ಆದರೆ ಅದು ಗೆದ್ದವರ ಬರಹ. ಬಂಡಾಯದ ಪುಟಗಳನ್ನು ಆ ಎಚ್ಚರದಲ್ಲೇ ಓದಿ. ಪೇಶ್ವೆ ಕಾಲದಿಂದ ಬಂದ ನಮ್ಮ ಕಡೆಯ ಎಷ್ಟೋ ಕಾಗದಗಳು ಮೋಡಿ ಲಿಪಿಯಲ್ಲಿವೆ, ಅಂದರೆ ಆಗ ಮರಾಠಿ ಬರೆಯುತ್ತಿದ್ದ ಕೂಡು ಬರಹದಲ್ಲಿ. ಮೋಡಿ ಓದಬಲ್ಲವರ ಸ್ನೇಹ ಬೆಳೆಸಿ. ಸೋತವರ ದನಿ ಬೇಕಾದರೆ ಲಾವಣಿಗೆ ಹೋಗಿ. ಮುಧೋಳ ಸೀಮೆಯ ಹಲಗಲಿ ಬೇಡರ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ, ಶಾಸನ ವಿದ್ವಾಂಸ ಫ್ಲೀಟ್ ಸಾಹೇಬರು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಆ ಬೇಡರ ಸಿಟ್ಟಿಗೂ ಆಯುಧ ಕಸಿಯುವ ಕಾಯ್ದೆಯೇ ಕಾರಣ. ಲಾವಣಿಯಲ್ಲಿ ತಾರೀಖು ಹುಡುಕಬೇಡಿ. ಜನ ಯಾರನ್ನು ಹಾಡಿದರು, ಯಾರಿಗೆ ಬೈದರು ಅನ್ನೋದನ್ನು ನೋಡಿ. ಧಾರವಾಡದಲ್ಲೇ 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಹೋಗಿ ಕೇಳಲು ಹಿಂಜರಿಯಬೇಡಿ. ಹೋಗುವಾಗ 'ನರಗುಂದದ ಬಗ್ಗೆ ಏನಿದೆ?' ಅನ್ನಬೇಡಿ. 'ಆ ಕಾಲದಲ್ಲಿ ಮೇಣೆ ಹೊರುವವರಿಗೆ ಕೂಲಿ ಯಾರು ಕೊಡುತ್ತಿದ್ದರು?' ಅಂತ ಕೇಳಿ. ಪ್ರಶ್ನೆ ಸಣ್ಣದಿದ್ದಷ್ಟೂ ಹುಡುಕಿ ಕೊಡುವವರಿಗೆ ಸಲೀಸು.

ಕಾಲ ತಪ್ಪುವುದು ಇಂಥ ಕಡೆ: 1858ರಲ್ಲಿ ಹುಬ್ಬಳ್ಳಿಗೆ ರೈಲು ಇರಲಿಲ್ಲ, ಅದು ಬಂದದ್ದು 1880ರ ದಶಕದಲ್ಲಿ. ಹಳ್ಳಿ ಮನೆಯಲ್ಲಿ ಚಹಾ ಕಾಸಬೇಡಿ, ಸೀಮೆಎಣ್ಣೆ ಕಂದೀಲು ತೂಗುಹಾಕಬೇಡಿ. ಗದಗ ಜಿಲ್ಲೆ ಆದದ್ದು 1997ರಲ್ಲಿ, ಬಂಡಾಯದ ಕಾಲಕ್ಕೆ ನರಗುಂದ ಒಂದು ಸಂಸ್ಥಾನ. ಮೊದಲ ಕರಡಿನಲ್ಲಿ ಅನುಮಾನ ಬಂದ ಕಡೆ ಪಕ್ಕದಲ್ಲಿ ಗುರುತು ಹಾಕಿ ಮುಂದೆ ಹೋಗಿ. ಒಂದು ದೀಪದ ಎಣ್ಣೆಗಾಗಿ ವಾರಗಟ್ಟಲೆ ಬರವಣಿಗೆ ನಿಲ್ಲಿಸಬೇಡಿ.

ಕಲ್ಪನೆಗೆ ಎಲ್ಲಿವರೆಗೆ ಅವಕಾಶ? ನಾನಾದರೆ ತಾರೀಖು ಮುಟ್ಟುವುದಿಲ್ಲ, ಯಾರು ಸತ್ತರು, ಎಲ್ಲಿ ಸತ್ತರು ಅನ್ನೋದನ್ನೂ ಮುಟ್ಟುವುದಿಲ್ಲ. ದಾಖಲೆಯಲ್ಲಿ ಹೆಸರಿರುವವರ ಬಾಯಲ್ಲಿ ಅವರು ಆಡದ ದೊಡ್ಡ ಮಾತು ಹಾಕಲು ಹತ್ತು ಸಲ ಯೋಚಿಸುತ್ತೇನೆ. ಅವರ ವಂಶದವರು, ಊರಿನವರು ಇವತ್ತಿಗೂ ಓದುತ್ತಾರೆ. ಮೇಣೆ ಹೊತ್ತವನು, ಅವನ ಹೆಂಡತಿ, ಅವನು ಹೊಲಕ್ಕೆ ಇಳಿದದ್ದು ಪೂರ್ತಿ ನಿಮ್ಮದು. ಯಾವುದು ನಡೆದದ್ದು, ಯಾವುದು ನೀವು ಕಟ್ಟಿದ್ದು ಅಂತ ಪುಸ್ತಕದ ಕೊನೆಗೆ ಒಂದು ಪುಟದಲ್ಲಿ ಬರೆದುಬಿಡಿ.